ಅಳಿಯಂದಿರ ಜೀಪಿಗೆ ಉಸಿರು ಕಟ್ಟಿಸಿದ ಕಥೆ

ಎಲ್ಲರೂ ಕೈಕಾಲು ಗಟ್ಟಿಯಾಗಿಯೇ ಮರಳಿ ಬಂದೆವು, ಗಾಡಿಯೂ ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಪ್ರವಾಸದ ಮಾತು ತೆಗೆದರೆ ಕೇಳುವವರು ಕೊನೆಗೆ ಏನಾಯಿತೋ ಎಂದು ಹೆದರಿಕೊಂಡು ಕೂರುತ್ತಾರೆ. ಯಾರನ್ನೂ ಹೆದರಿಸುವ ಆಸೆ ನನಗಿಲ್ಲ. ಆ ಎರಡು ದಿನ ನಾನೇ ಎಲ್ಲರ ಪಾಲಿನದನ್ನೂ ಹೆದರಿ ಮುಗಿಸಿದ್ದೇನೆ.

ಮೆಲಾಕಾ, ಮನೆಯ ಮುಂದಿನ ಷೆಡ್ಡು

ನಾನು ಹೊಸಪೇಟೆಯವನು. ಸರ್ಕಾರಿ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಡೀಸೆಲ್ ಜೀಪುಗಳ ಕೆಳಗೆ ಅಂಗಾತ ಮಲಗಿ ಸಂಬಳ ತೆಗೆದುಕೊಂಡವನು. ನಿವೃತ್ತನಾದ ಮರುವರ್ಷ, ತೊಂಬತ್ತೆಂಟರಲ್ಲಿ, ಮಗಳು ಶೈಲಾ ಟಿಕೆಟ್ ಕಳಿಸಿ ಮಲೇಷ್ಯಾಕ್ಕೆ ಕರೆಸಿಕೊಂಡಳು. ಅವಳ ಗಂಡ ಪ್ರಶಾಂತ ಉಡುಪಿಯವರು. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ಮೊಮ್ಮಗಳು ಅನಘಾಳಿಗೆ ಆರು ವರ್ಷ. ನನ್ನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಊಟ ಆತೇನವ್ವಾ?" ಎಂದು ಕೇಳಿದರೆ "ಆಲ್ರೆಡಿ ಲಾ, ಅಜ್ಜಾ" ಎನ್ನುತ್ತಾಳೆ. 'ಲಾ' ಎನ್ನುವುದು ಅಲ್ಲಿಯವರು ಮಾತಿನ ಕೊನೆಗೆ ಹಚ್ಚುವ ಬಾಲ.

ಹೋದ ಎರಡನೇ ದಿನವೇ ಷೆಡ್ಡಿನಲ್ಲಿ ನಿಂತಿದ್ದ ಗಾಡಿಯನ್ನು ಕಂಡೆ. ಹದಿನೈದು ವರ್ಷ ಹಳೆಯದಾದ ಜಪಾನಿ ಡೀಸೆಲ್ ಜೀಪು. ಅಲ್ಲಿಯವರು ಇಂಥವನ್ನೆಲ್ಲ 'ಫೋರ್ ವೀಲ್' ಎಂದೇ ಕರೆಯುತ್ತಾರೆ. ಅಳಿಯಂದಿರು ಅದನ್ನು ಕಾಡಿಗೆ ಒಯ್ಯಲೆಂದೇ ತಿದ್ದಿಸಿದ್ದರು. ಹಿಂದೆ ಮುಂದೆ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚು ಹಾಕಿ ಎತ್ತರಿಸಿದ್ದರು. ಮುಂದಿನ ಬಂಪರಿಗೆ ಹಗ್ಗ ಎಳೆಯುವ ವಿಂಚು ಕೂರಿಸಿದ್ದರು. ಇಂಜಿನ್ನಿಗೆ ನೀರು ಹೋಗದಿರಲೆಂದು ಗಾಳಿ ಎಳೆಯುವ ಕೊಳವೆಯನ್ನು ಆನೆ ಸೊಂಡಿಲೆತ್ತಿದ ಹಾಗೆ ಚಾವಣಿಯವರೆಗೆ ಏರಿಸಿದ್ದರು. ಇಂಜಿನ್ ಶುರು ಮಾಡಿಸಿ ಕೇಳಿದೆ. ನಾಲ್ಕೂ ಸಿಲಿಂಡರು ಒಂದೇ ಸಮ ಬಡಿಯುತ್ತಿದ್ದವು. ಒಬ್ಬ ಡಾಕ್ಟರ ಕೈಯಲ್ಲಿ ಹಳೇ ಡೀಸೆಲ್ ಇಂಜಿನ್ ಇಷ್ಟು ಚೆನ್ನಾಗಿರುವುದನ್ನು ನಾನು ನಮ್ಮ ಜಿಲ್ಲೆಯಲ್ಲಿ ನೋಡಿರಲಿಲ್ಲ.

ಹಾಗೆಂದು ಬಾಯಿಬಿಟ್ಟು ಹೇಳಿದೆನೆ? ಇಲ್ಲ. ಮಾವ ಅಳಿಯನ ನಡುವೆ ನಮ್ಮಲ್ಲಿ ಒಂದು ಬಿಗುಮಾನ ಇದ್ದೇ ಇರುತ್ತದೆ. ನಾನು ಅವರಿಗೆ 'ರೀ' ಹಚ್ಚದೆ ಮಾತಾಡಿದವನಲ್ಲ, ಅವರು ನಾನು ಕೂರುವ ತನಕ ಕೂತವರಲ್ಲ. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಒಬ್ಬರ ಮಾತಿಗೆ ಒಬ್ಬರು 'ಅಲ್ಲ' ಎಂದಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ನಾನು ಅಂದರೆ, ಪಾಪ, ಅವರೂ ತಮ್ಮ ತಟ್ಟೆಗೆ ಉಪ್ಪು ಹಾಕಿಕೊಳ್ಳುತ್ತಿದ್ದರು.

ಆ ವಾರದ ಕೊನೆಗೆ ಪಹಾಂಗ್ ಕಡೆಯ ಕಾಡಿಗೆ ಹೋಗುವುದೆಂದಾಯಿತು. ಮೂರು ಗಾಡಿಗಳು ಜೊತೆಯಾಗಿ ಹೋಗಿ, ಹೊಳೆಯ ದಂಡೆಯಲ್ಲಿ ಒಂದು ರಾತ್ರಿ ಟೆಂಟು ಹಾಕಿ, ಮರುದಿನ ವಾಪಸು. ಹೊರಡುವ ದಿನ ಬೆಳಿಗ್ಗೆ ನನಗೆ ಬೇಗ ಎಚ್ಚರವಾಯಿತು. ಅಭ್ಯಾಸಬಲ, ಲುಂಗಿ ಎತ್ತಿಕಟ್ಟಿ ಷೆಡ್ಡಿಗೆ ಹೋಗಿ ಬಾನೆಟ್ ಎತ್ತಿದೆ. ಮೂರು ಸಣ್ಣ ರಬ್ಬರ್ ಕೊಳವೆಗಳು ಕೆಳಗಿನಿಂದ ಬಂದು ಏರ್ ಫಿಲ್ಟರಿನ ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದವು. ಕೆಳಗೆ ತೂರಿ ನೋಡಿದರೆ ಒಂದು ಮುಂದಿನ ಆಕ್ಸಲಿನಿಂದ, ಒಂದು ಹಿಂದಿನದರಿಂದ, ಇನ್ನೊಂದು ಗೇರ್ ಬಾಕ್ಸಿನಿಂದ ಬಂದದ್ದು. ಬ್ರೀದರ್ ಎನ್ನುತ್ತೇವಲ್ಲ, ಅದು. ಒಳಗಿನ ಎಣ್ಣೆ ಕಾದಾಗ ಗಾಳಿ ಆಡಲು ಇರುವ ತೂತು. ಅದಕ್ಕೆ ಇಲ್ಲಿ ಕೊಳವೆ ಸಿಕ್ಕಿಸಿದ್ದರು.

ಈಗ ನಮ್ಮೂರಿನ ವಿಷಯ ಹೇಳಬೇಕು. ಗಣಿ ಲಾರಿಗಳು ಓಡುವ ನಮ್ಮ ಕಡೆ ಕೆಂಪು ಧೂಳು ಎಲ್ಲಿ ತೂತಿದೆಯೋ ಅಲ್ಲಿ ನುಗ್ಗುತ್ತದೆ. ಬ್ರೀದರಿನೊಳಗೆ ಹೋದರೆ ಆಕ್ಸಲಿನೊಳಗಿನ ಕ್ರೌನ್ ಆಯಿಲ್ ಕುಂಕುಮದ ನೀರಾಗಿ ಗೇರಿನ ಹಲ್ಲುಗಳನ್ನು ತಿಂದುಹಾಕುತ್ತದೆ. ಅದಕ್ಕೆ ನಮ್ಮ ವರ್ಕ್‌ಶಾಪಿನಲ್ಲಿ ಬ್ರೀದರಿಗೆ ಬಟ್ಟೆ ತುರುಕಿ ಬಿಗಿದುಬಿಡುತ್ತಿದ್ದೆವು. ಪುಸ್ತಕದಲ್ಲಿ ಏನೇ ಬರೆದಿರಲಿ, ನಡೆದದ್ದು ಹಾಗೆ. ಬಾಯಿ ತೆರೆದ ಆ ಮೂರು ಕೊಳವೆಗಳನ್ನು ಕಂಡು, ಫಿಟ್ಟರ್ ಮರೆತು ಬಿಟ್ಟಿದ್ದಾನೆ ಎಂದುಕೊಂಡೆ. ಮೂರನ್ನೂ ಮಡಚಿ, ಬೈಂಡಿಂಗ್ ವೈರ್ ಸುತ್ತಿ, ಇಕ್ಕಳದಿಂದ ಬಿಗಿದೆ. ಮಗಳ ಮನೆಗೆ ಏನೋ ಉಪಕಾರ ಮಾಡಿದ ಖುಷಿಯಲ್ಲಿ ಕೈ ತೊಳೆದುಕೊಂಡೆ.

ತಿಂಡಿಯಾದ ಮೇಲೆ ಅಳಿಯಂದಿರು ಆಯಿಲ್ ನೋಡಲು ಬಾನೆಟ್ ಎತ್ತಿದರು. ಕಡ್ಡಿ ಎಳೆದು ಒರೆಸಿದವರು ಒಂದು ಗಳಿಗೆ ಹಾಗೇ ನಿಂತರು. ನನ್ನ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಬಾನೆಟ್ ಮುಚ್ಚಿದರು. ನನ್ನ ಕೈಕೆಲಸ ಮೆಚ್ಚಿಕೊಂಡರು ಎಂದು ನಾನು ಮನಸ್ಸಿನಲ್ಲೇ ಬೀಗಿದೆ.

ಹೆದ್ದಾರಿ ಬದಿಯ ಮಾಮಕ್ ಅಂಗಡಿ

ಮೂರು ಗಾಡಿಗಳೂ ಸೇರಿದ್ದು ಒಂದು ಮಾಮಕ್ ಅಂಗಡಿಯ ಮುಂದೆ. ತಮಿಳು ಮುಸಲ್ಮಾನರ ಚಹಾ ತಿಂಡಿಯ ಹೋಟೆಲಿಗೆ ಅಲ್ಲಿ ಹಾಗೆನ್ನುತ್ತಾರೆ. ಚಹಾದವನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಮಾರುದ್ದ ಎಳೆದು ಸುರಿಯುವಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ರೊಟ್ಟಿಯ ಹೆಸರೇನೋ ಚಾನಾಯ್. ನೋಡಿದರೆ ನಮ್ಮ ಪರೋಟದ ಚಿಕ್ಕಪ್ಪನ ಮಗ. ಮನೆಯಲ್ಲಿ ತಿಂಡಿಯಾಗಿದ್ದರೂ ಮೂರು ತಿಂದೆ.

ಗುಂಪಿನ ಯಜಮಾನ ಪಾಕ್ ದಿನ್. ಪಾಕ್ ಎಂದರೆ ಹಿರಿಯರಿಗೆ ಗೌರವದಿಂದ ಹಚ್ಚುವ ಮಾತು. ಮೊದಲು ಕಾಡಿನಲ್ಲಿ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದ ಮಲಯ ಮನುಷ್ಯ, ನನ್ನದೇ ವಯಸ್ಸು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಆಮೇಲೆ ತಮ್ಮ ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡರು. ಅವರ ಗಾಡಿಯೂ ಅಳಿಯಂದಿರ ಗಾಡಿಯ ಜಾತಿಯದೇ, ಇನ್ನೂ ಹಳೆಯದು. ಮೂರನೇ ಗಾಡಿಯಲ್ಲಿ ಅವರ ತಮ್ಮನ ಕುಟುಂಬವಿತ್ತು.

ಹೊರಡುವ ಮುಂಚೆ ಅವರದೊಂದು ಪದ್ಧತಿ. ಒಬ್ಬೊಬ್ಬ ಚಾಲಕನೂ ತನ್ನ ಗಾಡಿಯ ಮೂತಿಯ ಮುಂದೆ ನಿಂತು, ಹಿಂದಿನ ಸಲ ಬಂದಾಗಿನಿಂದ ಗಾಡಿಯಲ್ಲಿ ಏನೇನು ಬದಲಾಯಿಸಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೊಸ ಬೆಲ್ಟ್, ಹೊಸ ಬ್ಯಾಟರಿ, ಒಂದು ಬೋಲ್ಟ್ ಬದಲಾಗಿದ್ದರೂ ಸರಿ. ಕಾಡಿನಲ್ಲಿ ಕೆಟ್ಟು ನಿಂತರೆ ಎಲ್ಲಿಂದ ಹುಡುಕಬೇಕೆಂದು ಉಳಿದವರಿಗೆ ಗೊತ್ತಿರಲಿ ಎಂದು. ಮುಚ್ಚಿಟ್ಟವನನ್ನು ಮತ್ತೆ ಕರೆದೊಯ್ಯುವುದಿಲ್ಲವಂತೆ. ಪಾಕ್ ದಿನ್ ತಾವು ರೇಡಿಯೇಟರ್ ಪೈಪು ಬದಲಿಸಿದ್ದನ್ನು ಹೇಳಿದರು. ಶೈಲಾ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು.

ಅಳಿಯಂದಿರ ಸರದಿ ಬಂದಾಗ ಅವರು ಒಂದು ಸಲ ನನ್ನ ಕಡೆ ತಿರುಗಿ, "ಏನೂ ಇಲ್ಲ" ಎಂದರು.

"ಅಪ್ಪಾ, ಇವ್ರಿಗೆ ಇಲ್ಲಿ ಇರೋದು ಈ ಗುಂಪಿನವ್ರಷ್ಟೇ ಸ್ನೇಹಿತ್ರು ನೋಡು," ಎಂದಳು ಶೈಲಾ. "ಬಂದ ಹೊಸತರಾಗ ಕಾಲೇಜು ಮನಿ, ಕಾಲೇಜು ಮನಿ ಅಂತ ಒಣಗಿ ಹೋಗಿದ್ರು. ಪಾಕ್ ದಿನ್ ಕರ್ಕೊಂಡು ಹೋಗಾಕ ಹತ್ತಿದ ಮ್ಯಾಲೆ ಮನುಷ್ಯಾ ಆದ್ರು."

ಕೆಮ್ಮಣ್ಣಿನ ಇಳಿಜಾರು

ಮೂರು ತಾಸು ಟಾರು ರಸ್ತೆ, ಆಮೇಲೆ ದಿಮ್ಮಿ ಲಾರಿಗಳು ಮಾಡಿಟ್ಟು ಹೋದ ಕೆಮ್ಮಣ್ಣಿನ ದಾರಿ. ಮಣ್ಣಿನ ಬಣ್ಣ ಸಂಡೂರಿನದೇ. ನನಗೆ ಒಂದು ಕ್ಷಣ ಊರಿಗೇ ಬಂದ ಹಾಗಾಯಿತು. ಆದರೆ ಧೂಳೇ ಇಲ್ಲ! ಮಣ್ಣು ಸದಾ ಹಸಿ. ಬಂದು ವಾರವಾಗುತ್ತ ಬಂದರೂ ಕರವಸ್ತ್ರ ಒಮ್ಮೆಯೂ ಕೆಂಪಾಗಿರಲಿಲ್ಲ. ಇದನ್ನು ನಾನು ನೋಡಿದ್ದೆ, ಮಗಳಿಗೆ ಹೇಳಿಯೂ ಇದ್ದೆ. ಆದರೂ ನನ್ನ ಬುದ್ಧಿಗೆ ಏನೂ ಹೊಳೆಯಲಿಲ್ಲ.

ಮೊದಲ ಹೊಳೆ ಚಿಕ್ಕದು, ಗಾಲಿಯ ನಡುಮಟ್ಟದ ನೀರು. ನೀರಿನ ನಡುವೆ ಒಂದು ಕಲ್ಲು ಅಡ್ಡ ಬಂದು ಐದು ನಿಮಿಷ ನಿಂತೆವು. ಅನಘಾ ಕಿಟಕಿಯಿಂದ ಕೈ ಇಳಿಬಿಟ್ಟು "ಸೋ ಕೋಲ್ಡ್, ಅಜ್ಜಾ!" ಎಂದು ಕಿರುಚಿದಳು. ದಾಟಿ, ಗುಡ್ಡ ಹತ್ತಿ, ಆ ಕಡೆ ಇಳಿಯತೊಡಗಿದೆವು. ಎಡಕ್ಕೆ ಮಣ್ಣಿನ ದಿಬ್ಬ. ಬಲಕ್ಕೆ ಬಿದಿರು ಮೆಳೆ, ಅದರ ಕೆಳಗೆ ಎಲ್ಲೋ ಆಳದಲ್ಲಿ ನೀರಿನ ಸದ್ದು.

ನನ್ನ ಮೂಗಿಗೆ ಮೊದಲು ವಾಸನೆ ಬಂತು. ಸುಟ್ಟ ಗೇರ್ ಆಯಿಲಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಅಳಿಯಂದಿರು ಬ್ರೇಕ್ ಒತ್ತಿದರು. ಮುಂದಿನ ಗಾಲಿಗಳಷ್ಟೇ ಹಿಡಿದವು, ಹಿಂಭಾಗ ಹಿಡಿತವಿಲ್ಲದೆ ಬಲಕ್ಕೆ ಜಾರತೊಡಗಿತು. ಶೈಲಾ ಮಗುವನ್ನು ಎದೆಗವಚಿಕೊಂಡಳು. ಅಳಿಯಂದಿರು ಬ್ರೇಕಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ಎಡಕ್ಕೆ ಒತ್ತಿ, ಗಾಡಿಯ ಮೈಯನ್ನು ದಿಬ್ಬಕ್ಕೆ ಉಜ್ಜಿಸುತ್ತ ಇಪ್ಪತ್ತು ಮಾರು ಇಳಿಸಿದರು. ಕೊನೆಗೆ ಮುಂದಿನ ಬಂಪರು ಮಣ್ಣಿನಲ್ಲಿ ಹೂತು ಗಾಡಿ ನಿಂತಿತು.

ಯಾರಿಗೂ ಏನೂ ಆಗಿರಲಿಲ್ಲ. ಅನಘಾ "ಅಗೇನ್!" ಎಂದಳು. ಶೈಲಾ ಅವಳಿಗೆ ಒಂದು ಏಟು ಕೊಟ್ಟು, ಮರುಕ್ಷಣವೇ ಮುದ್ದು ಕೊಟ್ಟಳು.

ಇಳಿದು ಹಿಂದಿನ ಗಾಲಿ ನೋಡಿದೆ. ಒಳಮೈಯೆಲ್ಲ ಎಣ್ಣೆ. ಅದು ಬರಿಯ ಎಣ್ಣೆಯೂ ಅಲ್ಲ, ಬೆಳಿಗ್ಗೆ ಕುಡಿದ ಹಾಲು ಹಾಕಿದ ಚಹಾದ ಬಣ್ಣ. ಎಣ್ಣೆಗೆ ನೀರು ಸೇರಿದೆ. ಆಗ ಹೊಳೆಯಿತು ನನಗೆ. ಬೆಳಿಗ್ಗೆ ನಾನು ಬಿಗಿದ ಮೂರು ತಂತಿಗಳು ಕಣ್ಣ ಮುಂದೆ ಬಂದವು.

ಊಟ ಮೊದಲು

ಪಾಕ್ ದಿನ್ ಓಡಿ ಬಂದರು. ಕೆಳಗೆ ಬಗ್ಗಿ ನೋಡಿದರು, ಬೆರಳಿನಿಂದ ಎಣ್ಣೆ ಮುಟ್ಟಿ ಮೂಸಿದರು. ಮೂರು ಗಾಡಿಯವರೂ ಸೇರಿ ತಳ್ಳಿ, ವಿಂಚಿನಿಂದ ಎಳೆದು, ಜೀಪನ್ನು ಕೆಳಗಿನ ಬಯಲಿಗೆ ತಂದರು. ಹಿಂದೆ ದಿಮ್ಮಿ ಪೇರಿಸುತ್ತಿದ್ದ ಜಾಗವಂತೆ, ಪಕ್ಕದಲ್ಲೇ ಒಂದು ತೊರೆ. ಇನ್ನು ಸ್ಪ್ಯಾನರ್ ತೆಗೆಯುತ್ತಾರೆ ಎಂದು ನೋಡಿದರೆ ಪಾಕ್ ದಿನ್ ಚಾಪೆ ಹಾಸಿ, "ಮಕಾನ್ ದುಲು" ಎಂದರು. ಮೊದಲು ಊಟ. ಹೊಟ್ಟೆ ಹಸಿದವನು ಬೋಲ್ಟ್ ಬಿಚ್ಚಿದರೆ ಎರಡು ಬೋಲ್ಟ್ ಕಳೆಯುತ್ತಾನೆ ಎನ್ನುವುದು ಅವರ ಲೆಕ್ಕ. ನಮ್ಮ ವರ್ಕ್‌ಶಾಪಿನಲ್ಲಿ ಕೆಲಸ ಮುಗಿಯುವ ತನಕ ಬುತ್ತಿ ಬಿಚ್ಚುತ್ತಿರಲಿಲ್ಲ.

ಬಾಳೆಯೆಲೆಯಲ್ಲಿ ಕಟ್ಟಿದ ಕಾಯಿಹಾಲಿನ ಅನ್ನ. ಎಲ್ಲರೂ ಮಾತಾಡುತ್ತ ಉಣ್ಣುತ್ತಿದ್ದರು. ನನ್ನ ಎಲೆ ಬಿಚ್ಚದೆ ಹಾಗೇ ಇತ್ತು. ಮನಸ್ಸಿನಲ್ಲಿ ಒಂದೇ ವಿಚಾರ. ಈಗ ಎದ್ದು ಹೋಗಿ ಬಾನೆಟ್ ಎತ್ತಿ ಮೂರು ತಂತಿ ಬಿಚ್ಚಿ ತೊರೆಗೆ ಎಸೆದರೆ ಮುಗಿಯಿತು. ಹಳೇ ಗಾಡಿ, ಎಣ್ಣೆ ತಡೆಯುವ ಸೀಲು ಹೋಯಿತು ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ನನ್ನ ಕೈಯಿಂದ ಹೋದ ಗಾಡಿ ರಿಪೇರಿಗೆ ಮರಳಿ ಬಂದಿಲ್ಲವೆಂದು ಮಗಳ ಮನೆಯಲ್ಲಿ ಕೊಚ್ಚಿಕೊಂಡವನು ನಾನು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಎದ್ದೆ. ಬಾನೆಟ್ಟಿನ ಕೊಂಡಿಗೆ ಕೈ ಹಾಕಿಯೂ ಬಿಟ್ಟೆ.

"ಮಾವ, ನೀವು ಊಟ ಮಾಡಿದ್ದೇ ಇಲ್ಲ," ಎಂದರು ಅಳಿಯಂದಿರು, ಹಿಂದೆ ಬಂದು ನಿಂತು. ಕೈಯಲ್ಲಿ ನನ್ನ ಎಲೆ ಇತ್ತು. ಕೈ ಹಿಂದೆ ತೆಗೆದುಕೊಂಡೆ.

ಊಟವಾದ ಮೇಲೆ ಪಾಕ್ ದಿನ್ ನೆಟ್ಟಗೆ ಬಂದು ಬಾನೆಟ್ ಎತ್ತಿದರು. ಹಿಂದಿನ ಆಕ್ಸಲಿಗೆ ನೀರು ಹೊಕ್ಕರೆ ತಿಳಿದವನು ಮೊದಲು ನೋಡುವುದು ಬ್ರೀದರನ್ನೇ. ಮಡಚಿ ಕಟ್ಟಿದ ಮೂರು ಕೊಳವೆಗಳನ್ನು ಕಂಡು ಅವರ ಮುಖ ಬಿಗಿಯಿತು. "ಹೂ ಡು ದಿಸ್?" ಎಂದು ಗದರಿದರು.

ಅಳಿಯಂದಿರು ತಮ್ಮ ಎದೆ ಮುಟ್ಟಿಕೊಂಡರು.

ಆಮೇಲಿನ ಬೈಗುಳ ಪೂರ್ತಿ ಮಲಯ ಭಾಷೆಯಲ್ಲಿತ್ತು. ಕನ್ನಡ ಮಾಡಲು ಶೈಲಾ ಬೇಕಾಗಿರಲಿಲ್ಲ. ಪಾಕ್ ದಿನ್ ಅಲ್ಲಿಯವರ ರೂಢಿಯಂತೆ ಹೆಬ್ಬೆರಳಿನಿಂದ ಮಗುವಿನ ಕಡೆ ತೋರಿಸಿದರು, ಬಿದಿರು ಮೆಳೆಯ ಕಡೆ ತೋರಿಸಿದರು, ಬೆಳಿಗ್ಗೆ ಎಲ್ಲರೂ ನಿಂತು ಹೇಳಿದ ಮಾತನ್ನು ತೋರಿಸುವಂತೆ ತಮ್ಮ ಬಾಯಿ ಮುಟ್ಟಿಕೊಂಡರು. ಕಡೆಗೆ ಇಂಗ್ಲಿಷಿನಲ್ಲಿ ಮೆಲ್ಲಗೆ, "ಡಾಕ್ಟರ್, ನೆಕ್ಸ್ಟ್ ಟೈಮ್ ಯು ಡೋಂಟ್ ಕಮ್ ಲಾ" ಎಂದರು. ಗದರಿದ್ದಕ್ಕಿಂತ ಅದೇ ಹೆಚ್ಚು ತಾಗಿತು. ಅಳಿಯಂದಿರು ತಲೆ ತಗ್ಗಿಸಿ ನಿಂತಿದ್ದರು. ಕಾಲೇಜಿನಲ್ಲಿ ನೂರು ಹುಡುಗರು ಎದ್ದು ನಿಲ್ಲುವ ಮನುಷ್ಯ, ನನ್ನ ಮಗಳ ಮುಂದೆ, ನನ್ನ ಮೊಮ್ಮಗಳ ಮುಂದೆ, ನನ್ನ ತಪ್ಪಿಗೆ ಬೈಸಿಕೊಳ್ಳುತ್ತಿದ್ದರು.

"ಅವ್ರಲ್ಲ, ನಾನು," ಎಂದೆ.

ಯಾರಿಗೂ ಕೇಳಿಸಲಿಲ್ಲ. ಕೇಳಿಸದಿದ್ದರೂ ಅಂದದ್ದಾಯಿತಲ್ಲ ಎಂದು ಒಂದು ಕ್ಷಣ ಅನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಮುಂದೆ ಹೋಗಿ ಪಾಕ್ ದಿನ್ ಕೈ ಹಿಡಿದೆ. ವರ್ಕ್‌ಶಾಪಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, "ಐ ಡಿಡ್. ಮೈ ಮಿಸ್ಟೇಕ್. ಹೀ ನೋ" ಎಂದೆ.

"ಇಲ್ಲ, ಇಲ್ಲ," ಎಂದರು ಅಳಿಯಂದಿರು.

ಪಾಕ್ ದಿನ್ ಇಬ್ಬರನ್ನೂ ನೋಡಿದರು. ಒಂದು ಕೊಳವೆಯ ತಂತಿ ಕತ್ತರಿಸಿ, ಇಕ್ಕಳವನ್ನು ಹೊಸ ತಂತಿಯ ಜೊತೆ ನನ್ನ ಕೈಗಿಟ್ಟರು. ಕಟ್ಟಿ ತೋರಿಸು ಎಂದು. ನಾನು ಎಡಚ. ನನ್ನ ತಂತಿಯ ಗಂಟು ಲೋಕದ ಗಂಟಿಗೆ ತಿರುಗುಮುರುಗು. ಕಟ್ಟಿದ್ದನ್ನೂ ಮೊದಲಿನದನ್ನೂ ಅಕ್ಕಪಕ್ಕ ಹಿಡಿದು ನೋಡಿ, "ಹೋ!" ಎಂದು ದೊಡ್ಡದಾಗಿ ಉಸಿರು ಬಿಟ್ಟರು. ಆಮೇಲೆ, ಯಾಕೆ ಎಂದು ಕೈ ತಿರುಗಿಸಿದರು.

ದಿಬ್ಬದ ಬುಡದಲ್ಲಿ ಒಣಗಿದ್ದ ಮಣ್ಣಿನ ಹೆಂಟೆ ತಂದು ಅಂಗೈಯಲ್ಲಿ ಪುಡಿ ಮಾಡಿ ಊದಿದೆ. ಕೆಂಪು ಪುಡಿ ಕೊಳವೆಯ ಬಾಯಿಗೆ ಹೋಯಿತು. "ಮೈ ಪ್ಲೇಸ್," ಎಂದೆ. ಅವರಿಗೆ ತಿಳಿಯಿತು. ತಾವೂ ಒಂದು ಪಾಠ ಮಾಡಿದರು. ಫ್ಲಾಸ್ಕಿನ ಬಿಸಿನೀರನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಕುಲುಕಿ ಚೆಲ್ಲಿದರು. ಬಿರಡೆ ಬಿಗಿದು ತೊರೆಯಲ್ಲಿ ಅದ್ದಿದರು. ಬಾಟಲಿ ಚುರ್ ಎಂದು ಒಳಕ್ಕೆ ಸೊಟ್ಟಗಾಯಿತು. ಕಾದ ಆಕ್ಸಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನಿಂದ ಗಾಳಿ ಸಿಗದಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಗುಡ್ಡ ಹತ್ತುವಾಗ ಮತ್ತೆ ಕಾದು ಉಬ್ಬಿದರೆ ಅದೇ ಸಂದಿಯಿಂದ ಎಣ್ಣೆಯನ್ನು ಬ್ರೇಕಿನ ಮೇಲೆ ಉಗುಳುತ್ತದೆ. ಅದಕ್ಕೇ ಆ ಕೊಳವೆಗಳನ್ನು ನೀರಿಗಿಂತ ಎತ್ತರದಲ್ಲಿ ಬಾಯಿ ತೆರೆದು ಇಟ್ಟದ್ದು. ಇಪ್ಪತ್ತೆಂಟು ವರ್ಷದ ಸರ್ವಿಸಿಗೆ ಆ ಬಾಟಲಿ ಉತ್ತರ ಹೇಳಿತು.

ಪಾಕ್ ದಿನ್ ನಕ್ಕರು. ಅಳಿಯಂದಿರ ಬೆನ್ನಿಗೆ ಒಂದು ಗುದ್ದು ಕೊಟ್ಟು ಏನೋ ಅಂದರು.

"ಏನಂದ್ರು?" ಎಂದು ಶೈಲಾಳನ್ನು ಕೇಳಿದೆ.

"ಮಾವನಿಗೆ ಹೆದ್ರೋ ಡಾಕ್ಟರ್ ನಮ್ಮ ಗುಂಪಿನ್ಯಾಗೂ ಇದ್ದಾನ ಅಂತ ಗೊತ್ತಿರ್ಲಿಲ್ಲ, ಮುಂದಿನ ಸಲ ತಪ್ಪಿಸ್ಬ್ಯಾಡ ಅಂತ."

ಆಗ ನನ್ನ ಎದೆಯ ಭಾರ ಇಳಿಯಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಮೂರೂ ಕೊಳವೆಗಳ ತಂತಿ ತೆಗೆದು ಗಾಲಿ ಬಿಚ್ಚಿದ್ದು ನಾವಿಬ್ಬರು ಮುದುಕರು. ನೀರು ಹೊಕ್ಕಿದ್ದು ಹಿಂದಿನ ಆಕ್ಸಲಿಗೆ ಮಾತ್ರ. ಪಾಕ್ ದಿನ್ ಹತ್ತಿರ ಸೀಲುಗಳ ಒಂದು ಬಿಸ್ಕತ್ತಿನ ಡಬ್ಬಿಯೇ ಇತ್ತು. ಹಾಳಾದ ಎಣ್ಣೆ ಇಳಿಸಿ, ಡೀಸೆಲ್ ಹಾಕಿ ಒಳಗೆ ತೊಳೆದೆವು. ಆಯಸ್ಕಾಂತ ಅದ್ದಿ ನೋಡಿದೆ, ಒಂದು ಚೂರು ಕಬ್ಬಿಣವೂ ಹತ್ತಲಿಲ್ಲ. ಬೇರಿಂಗ್ ಬೆರಳಿಗೆ ನುಣ್ಣಗೆ ತಿರುಗಿತು. ದೇವರೇ, ಬದುಕಿದೆ ಎಂದುಕೊಂಡೆ. ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಮರಳು ಕಾಗದ ತಿಕ್ಕಿ, ಹೊಸ ಎಣ್ಣೆ ತುಂಬಿದೆವು. ನನಗೆ ಬೇಕಾದ ಸ್ಪ್ಯಾನರನ್ನು ನಾನು ಕೈ ಚಾಚುವ ಮೊದಲೇ ಪಾಕ್ ದಿನ್ ಕೊಡುತ್ತಿದ್ದರು. ಎರಡು ತಾಸು ಒಬ್ಬರ ಭಾಷೆ ಒಬ್ಬರಿಗೆ ಬೇಕಾಗಲಿಲ್ಲ.

ಕೈ ತೊಳೆಯುವಾಗ ಅಳಿಯಂದಿರು ಸೋಪು ಹಿಡಿದು ನಿಂತಿದ್ದರು.

"ಬೆಳಿಗ್ಗೆ ಬಾನೆಟ್ ಎತ್ತಿದಾಗ ನೋಡಿದ್ರೇನು?" ಎಂದು ಕೇಳಿದೆ.

"ನೋಡಿದೆ ಮಾವ."

"ತಪ್ಪು ಅಂತ ಗೊತ್ತಿತ್ತೇನು?"

"ಗೊತ್ತಿತ್ತು. ಆದ್ರೆ ಇಷ್ಟು ವರ್ಷ ಜೀಪಿನ ಕೆಳಗೆ ಮಲಗಿದವ್ರಿಗೆ ನಾನು ಎಂತ ಹೇಳುದು? ನನಗೆ ಗೊತ್ತಿಲ್ಲದ್ದು ಎಂತದೋ ಇರ್ಬಹುದು ಅಂದ್ಕೊಂಡೆ. ದಾರಿಯಲ್ಲಿ ನೀವು ನೋಡದಾಗ ಬಿಚ್ಚುವ ಅಂತ ಇದ್ದೆ. ಚಾ ಅಂಗಡಿಯಲ್ಲಿ ಎಲ್ರೂ ಗಾಡಿ ಮುಂದೆಯೇ ಇದ್ರು, ಆಮೇಲೆ ನೀವು ಗಾಡಿ ಬಿಟ್ಟು ಇಳಿಲೇ ಇಲ್ಲ."

"ಬಾಯಿಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತೇನ್ರಿ?"

"ನೀವೂ ಕಟ್ಟುವ ಮುಂಚೆ ಒಂದು ಮಾತು ಕೇಳ್ಬಹುದಿತ್ತಲ್ಲ ಮಾವ," ಎಂದವರು ತಾವೇ ಗಾಬರಿಯಾದರು.

ಶೈಲಾ ಸೊಂಟಕ್ಕೆ ಕೈಯಿಟ್ಟು ಎದ್ದು ಬಂದಳು. "ಭಾಳ ಛಲೋ ಆತು. ಮಾವ ಅಳಿಯನ್ನ ಕೇಳಂಗಿಲ್ಲ, ಅಳಿಯ ಮಾವಗ ಹೇಳಂಗಿಲ್ಲ. ನಿಮ್ಮಿಬ್ಬರ ಮರ್ಯಾದಿ ಉಳಿಸಾಕ ನಾನೂ ನನ್ನ ಕೂಸೂ ಬಿದಿರು ಮೆಳಿಯಾಗ ಬೀಳ್ಬೇಕಿತ್ತೇನು?"

ಆ ರಾತ್ರಿ ಟೆಂಟಿನಲ್ಲಿ ನಾನು ಗೊರಕೆ ಹೊಡೆದದ್ದು ಮೂರನೇ ಗಾಡಿಯವರಿಗೂ ಕೇಳಿಸಿತಂತೆ.

ದೊಡ್ಡ ಹೊಳೆ

ಮರುದಿನ ವಾಪಸು ಬರುವಾಗ ಬೇರೆ ದಾರಿ. ಅದರಲ್ಲೊಂದು ದೊಡ್ಡ ಹೊಳೆ ಇತ್ತು. ಪಾಕ್ ದಿನ್ ಪ್ಯಾಂಟು ಮಡಚಿ, ಕೋಲು ಹಿಡಿದು, ಈ ದಡದಿಂದ ಆ ದಡಕ್ಕೆ ಮೊದಲು ತಾವೇ ನಡೆದು ನೋಡಿದರು. ನೀರು ತೊಡೆಯ ತನಕ ಬಂತು. ತಿರುಗಿ ಬಂದು ತಮ್ಮ ಗಾಡಿ ಹತ್ತಿ ಮೆಲ್ಲಗೆ ದಾಟಿಸಿದರು. ಮುಂದಿನದು ನಮ್ಮ ಸರದಿ.

ಅಳಿಯಂದಿರು ಗಾಡಿಯನ್ನು ನೀರಿಗಿಳಿಸಿದರು. ನೀರು ಬಾಗಿಲಿನ ಮಟ್ಟಕ್ಕೆ ಬಂದು ಇಂಜಿನ್ನಿನ ದನಿ ಭಾರವಾಯಿತು. ನನ್ನ ಕಾಲು ತಾನಾಗಿಯೇ ಇಲ್ಲದ ಕ್ಲಚ್ಚನ್ನು ಒತ್ತಿತು. ತುಂಗಭದ್ರೆಯ ಹಳ್ಳಗಳಲ್ಲಿ ನಾನು ಜೀಪು ದಾಟಿಸಿದ್ದು ಯಾವಾಗಲೂ ಎರಡನೇ ಗೇರಿನಲ್ಲಿ.

"ಎರಡ್ನೇದು ಹಾಕ್ರಿ," ಎಂದೆ. "ಒಂದರಾಗ ಗಾಲಿ ಒದ್ದಾಡ್ತೈತಿ."

"ಬೇಡ ಮಾವ," ಎಂದರು ಅವರು, ನೀರಿನಿಂದ ಕಣ್ಣು ತೆಗೆಯದೆ. "ಒಂದರಲ್ಲೇ ಹೋಗ್ತೇನೆ. ನೀವು ಸ್ವಲ್ಪ ಸುಮ್ನೆ ಕೂತ್ಕೊಳ್ಳಿ."

ಹಿಂದಿನ ಸೀಟಿನಿಂದ ಶೈಲಾ ನಮ್ಮಿಬ್ಬರ ನಡುವೆ ತಲೆ ತೂರಿಸಿದಳು. ಒಂಬತ್ತು ವರ್ಷದಲ್ಲಿ ಅಳಿಯಂದಿರು ನನಗೆ ಬೇಡ ಎಂದದ್ದು ಅದೇ ಮೊದಲು. ಸಿಟ್ಟು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಇಷ್ಟು ವರ್ಷ ಅಳಿಯಂದಿರ ಮುಂದೆ ಮಾವನಾಗಿ ಬೆನ್ನು ನೆಟ್ಟಗೆ ಮಾಡಿ ಕೂತೂ ಕೂತೂ ದಣಿದಿದ್ದೆ ಎಂದು ಆಗಲೇ ತಿಳಿದದ್ದು. ಸೀಟಿಗೆ ಒರಗಿ, ಕಾಲು ಚಾಚಿ, ಸುಮ್ಮನೆ ಕೂತೆ. ಜೀಪು ಗುರುಗುಡುತ್ತ ನೀರು ಸೀಳಿಕೊಂಡು ಹೋಗಿ ದಡ ಹತ್ತಿತು.

"ಒಂದ್ನೇದೇ ಸರಿ ಇತ್ತು," ಎಂದೆ.

"ಹೌದು ಮಾವ," ಎಂದರು ಅಳಿಯಂದಿರು.